ಮೂರು ವರ್ಷ, ಮೂರು ಗ್ರಿಪ್ಪರ್: ಪೀಣ್ಯದ ಲೇತ್ ಮುಂದೆ ಕಂಡದ್ದು

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷಿನ್ ಶಾಪ್. ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಲೇತ್‌ಗಳ ನಡುವೆ ಕೋಬಾಟ್, ಅಂದರೆ ಮನುಷ್ಯರ ಪಕ್ಕದಲ್ಲೇ ಕೆಲಸ ಮಾಡುವ ರೋಬಾಟ್ ತೋಳು, ನಿಲ್ಲಿಸಿ ಮೂರು ವರ್ಷ ದಾಟಿತು. ತೋಳು ಒಂದು ದಿನವೂ ಕೈಕೊಡಲಿಲ್ಲ. ತಲೆನೋವೆಲ್ಲ ಅದರ ತುದಿಯಲ್ಲಿ ಪೀಸ್ ಹಿಡಿಯುವ ಗ್ರಿಪ್ಪರ್‌ನದೇ. ಕಂಪನಿಗಳ ಹೆಸರು ಹೇಳುವುದಿಲ್ಲ, ತಪ್ಪು ಅರ್ಧಕ್ಕರ್ಧ ನಮ್ಮದೇ ಇತ್ತು.

ಮೊದಲು ತಂದದ್ದು ಗಾಳಿಯಲ್ಲಿ ಓಡುವ ಎರಡು ಬೆರಳಿನ ಗ್ರಿಪ್ಪರ್. ನಮ್ಮ ಪೀಸ್ 40 ಮಿ.ಮೀ. ದಪ್ಪ, 100 ಮಿ.ಮೀ. ಉದ್ದದ ಉಕ್ಕಿನ ರಾಡ್ ತುಂಡು, ಹೆಚ್ಚುಕಡಿಮೆ ಒಂದು ಕೆಜಿ. ಡೆಮೊದಲ್ಲಿ ಒಣ ಪೀಸ್ ಎತ್ತಿ ತೋರಿಸಿದರು, ಖುಷಿಯಾಯಿತು. ಕೂಲಂಟ್ (ಕತ್ತರಿಸುವಾಗ ತಂಪಾಗಿಸಲು ಸುರಿಯುವ ಎಣ್ಣೆ ಬೆರೆತ ದ್ರವ) ಮೆತ್ತಿದ ಪೀಸ್ ಮೊದಲ ವಾರವೇ ಜಾರಿ ಲೇತ್‌ನ ಬೆಡ್ ಮೇಲೆ ಬಿತ್ತು. ಲೆಕ್ಕ ಸರಳ. ಚಪ್ಪಟೆ ಬೆರಳು ಬರೀ ಘರ್ಷಣೆಯಿಂದ ಹಿಡಿಯುತ್ತದೆ. ಘರ್ಷಣಾಂಕ (ಎರಡು ಮೇಲ್ಮೈ ಎಷ್ಟು ಕಚ್ಚಿ ಹಿಡಿಯುತ್ತವೆ ಎಂಬ ಅಳತೆ) 0.2 ಇದ್ದರೆ ಒಂದು ಕೆಜಿಗೆ ಪ್ರತಿ ಬೆರಳೂ ಸುಮಾರು 25 ನ್ಯೂಟನ್ ಒತ್ತಬೇಕು. ಎಣ್ಣೆ ಮೆತ್ತಿ ಅದು 0.1ಕ್ಕೆ ಇಳಿದರೆ 50. ರೋಬಾಟ್ ರಪ್ಪನೆ ತಿರುಗುವಾಗಿನ ಎಳೆತ ಇದರ ಮೇಲೆ.

ಗ್ರಿಪ್ಪರ್ ಬದಲಿಸಲಿಲ್ಲ, ಬೆರಳು ಬದಲಿಸಿದೆವು. 'ವಿ' ಆಕಾರದ ಕಚ್ಚು ತೋಡಿ ನಾವೇ ಮಿಲ್ಲಿಂಗ್ ಮಾಡಿದೆವು. ಅಡ್ಡಡ್ಡ ಮಲಗಿದ ಪೀಸ್ ಈಗ ಕಚ್ಚಿನ ಕೆಳಗಿನ ಮುಖದ ಮೇಲೆ ಕೂರುತ್ತದೆ, ಜಾರುವ ಮಾತೇ ಇಲ್ಲ. ಪೀಸ್ ಹಿಡಿದು ತಿರುಗಿಸುವ ಲೇತ್‌ನ ಚಕ್‌ಗೂ ನಡುಮಧ್ಯಕ್ಕೆ ಹೋಗುತ್ತದೆ. ನೂರು ರೂಪಾಯಿ ಲೋಹದಲ್ಲಿ ಮುಗಿಯುವ ಈ ಕೆಲಸವನ್ನು ಮಾರುವವರು ಮೊದಲೇ ಯಾಕೆ ಹೇಳುವುದಿಲ್ಲವೋ!

ಇನ್ನೊಂದು ಪಾಠ ಕರೆಂಟ್ ಕಲಿಸಿತು. ಗ್ರಿಪ್ಪರ್‌ಗೆ ಗಾಳಿ ಬಿಡುವ ನಮ್ಮ ವಾಲ್ವ್ ಒಂಟಿ ಕಾಯಿಲ್‌ನದು, ಕರೆಂಟ್ ಇಲ್ಲದಿದ್ದರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತಿತ್ತು. ಕರೆಂಟ್ ಹೋದ ಕ್ಷಣ ಬೆರಳು ತೆರೆದುಕೊಂಡು ಪೀಸ್ ನೆಲಕ್ಕೆ. ಎರಡು ಕಾಯಿಲ್‌ನ ವಾಲ್ವ್ ಹಾಕಿದ ಮೇಲೆ ಇದ್ದ ಸ್ಥಿತಿಯಲ್ಲೇ ನಿಲ್ಲುತ್ತದೆ. ಕಂಪ್ರೆಸರ್ ನಿಂತು ಗಾಳಿ ಇಳಿದರೂ ಬಿಡದಿರಲಿ ಎಂದು ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ಚೆಕ್ ವಾಲ್ವ್ ಕೂಡ ಸೇರಿಸಿದೆವು.

ಎರಡನೆಯದು ರಟ್ಟಿನ ಡಬ್ಬ ಎತ್ತಲು ತಂದ ಸಕ್ಷನ್ ಕಪ್. 40 ಮಿ.ಮೀ. ಕಪ್ 60 ಕಿಲೋಪಾಸ್ಕಲ್ ನಿರ್ವಾತದಲ್ಲಿ ಸುಮಾರು 75 ನ್ಯೂಟನ್ ಹಿಡಿಯುತ್ತದೆ ಎಂಬುದು ಕಾಗದದ ಲೆಕ್ಕ. ಆದರೆ ಕಪ್ಪನ್ನು ಒತ್ತಿ ಹಿಡಿಯುವುದು ಹೊರಗಿನ ವಾತಾವರಣವೇ. ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಹತ್ತು ಪಾಲಿಗೆ ಒಂದು ಪಾಲು ಕಡಿಮೆ. ಅಷ್ಟು ಹಿಡಿತ ಊರೇ ಕಿತ್ತುಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ಕಳ್ಳ ರಟ್ಟು: ಅದರ ಸಣ್ಣ ರಂಧ್ರಗಳಿಂದ ಗಾಳಿ ಸೋರುತ್ತಲೇ ಇರುತ್ತದೆ. ಹಾಗಾಗಿ ನಿರ್ವಾತ ಹುಟ್ಟಿಸುವ ಎಜೆಕ್ಟರ್ ಒಂದು ಗಳಿಗೆಯೂ ಸುಮ್ಮನಿರದೆ ಬುಸ್ ಎನ್ನುತ್ತದೆ, ಕಂಪ್ರೆಸರ್ ಓಡುತ್ತಲೇ ಇರುತ್ತದೆ, ಬಿಲ್ಲು ಏರುತ್ತದೆ. ನಯವಾದ ಶೀಟ್‌ಗೆ ಇದು ಬಂಗಾರ. ಹಳೆ ರಟ್ಟಿಗೆ ಬೇಡ. ಎಣ್ಣೆ ಇರುವ ಕಡೆ ನೈಟ್ರೈಲ್ ರಬ್ಬರ್ ಕಪ್ಪನ್ನೇ ಕೇಳಿ.

ಮೂರನೆಯದು ಎಲೆಕ್ಟ್ರಿಕ್ ಗ್ರಿಪ್ಪರ್. ತೆಳು ಗೋಡೆಯ ಹಿತ್ತಾಳೆ ಬುಷ್‌ಗಳನ್ನು (ಕೊಳವೆಯಂಥ ಬಿಡಿಭಾಗ) ಗಾಳಿಯ ಬೆರಳು ಅಂಡಾಕಾರ ಮಾಡಿಬಿಡುತ್ತಿತ್ತು. ಇದರಲ್ಲಿ ಬಲ ಎಷ್ಟು ಬೇಕೋ ಅಷ್ಟೇ ಇಡಬಹುದು, ಬೆರಳು ಎಲ್ಲಿ ನಿಂತಿತೆಂದು ನೋಡಿ ಪೀಸ್ ಸಿಕ್ಕಿತೋ ಇಲ್ಲವೋ ಅದೇ ಹೇಳುತ್ತದೆ. ನಿಧಾನ, ದುಬಾರಿ. ಕೂಲಂಟ್ ಸಿಡಿಯುವ ಜಾಗಕ್ಕೆ ಐಪಿ 67 (ನೀರು, ಧೂಳು ಒಳಹೋಗದಂಥ ರಕ್ಷಣೆಯ ದರ್ಜೆ) ಇಲ್ಲದ್ದನ್ನು ಹಾಕಿ ಎಂಟೇ ತಿಂಗಳಿಗೆ ಕೈಸುಟ್ಟುಕೊಂಡೆವು. ಈಗಿರುವುದು ಪ್ಯಾಕಿಂಗ್ ಟೇಬಲ್ ಹತ್ತಿರ ಒಣ ಜಾಗದಲ್ಲಿದೆ.

ಬಲೂನಿಗೆ ಕಾಫಿಪುಡಿ ತುಂಬಿ, ಗಾಳಿ ಹೀರಿ ಗಟ್ಟಿ ಮಾಡಿ ಯಾವ ಆಕಾರವನ್ನಾದರೂ ಹಿಡಿಯುವ ಗ್ರಿಪ್ಪರನ್ನು 2010ರಲ್ಲಿ ಅಮೆರಿಕದಲ್ಲಿ ತೋರಿಸಿದ್ದರು. ವಿಡಿಯೊ ನೋಡಿದ ನಮ್ಮ ಆಪರೇಟರ್, "ಸಾರ್, ಪುಡಿ ಫಿಲ್ಟರ್‌ಗೇ ಇರಲಿ" ಅಂದ. ಲೇತ್ ಕತ್ತರಿಸಿ ಬೀಳಿಸುವ ನಮ್ಮ ಚೂಪು ಲೋಹದ ಚೂರುಗಳ ಮುಂದೆ ಆ ಬಲೂನು ಒಂದು ಶಿಫ್ಟ್ ಕೂಡ ಬಾಳುವುದಿಲ್ಲ.

ಗಾಳಿ ಗ್ರಿಪ್ಪರ್‌ಗೆ ಐದಕ್ಕೆ ನಾಲ್ಕೂವರೆ, ಎಲೆಕ್ಟ್ರಿಕ್‌ಗೆ ಮೂರೂವರೆ, ರಟ್ಟಿನ ಮೇಲಿನ ಸಕ್ಷನ್‌ಗೆ ಎರಡು. ಹೊಸ ಲೇತ್‌ಗೆ ಮತ್ತೊಂದು ಗಾಳಿ ಗ್ರಿಪ್ಪರ್ ಆರ್ಡರ್ ಕೊಟ್ಟಿದ್ದೇವೆ, ಬೆರಳಿಲ್ಲದೆ. ಬೆರಳಿನ ಡ್ರಾಯಿಂಗ್ ಆಗಲೇ ಮಿಲ್ಲಿಂಗ್ ಮಷಿನ್ ಪಕ್ಕದಲ್ಲಿ ಅಂಟಿಸಿದೆ.