ಹಳೆಯ ಸ್ಕೂಬಿ ಡೂ ಕಾಮಿಕ್ಸ್ ತರಿಸೋರು ಮೊದಲು ನಡುಹಾಳೆ ಇದೆಯಾ ಅಂತ ಕೇಳಿ

ಹಳೆಯ ಸ್ಕೂಬಿ ಡೂ ಕಾಮಿಕ್ಸ್ ಕೊಳ್ಳಬೇಕು ಅಂತಿರುವವರು ದಯವಿಟ್ಟು ಇದನ್ನು ಓದಿ. ಅಮೆರಿಕದ ಒಬ್ಬ ಮಾರಾಟಗಾರನಿಂದ ಗೋಲ್ಡ್ ಕೀ ಅನ್ನೋ ಅಮೆರಿಕದ ಪ್ರಕಾಶನದ ಸಂಚಿಕೆಯೊಂದನ್ನು ಆನ್‌ಲೈನ್‌ನಲ್ಲಿ ತರಿಸಿದೆ. 'ವೆರಿ ಫೈನ್ (ಅಂದ್ರೆ ತುಂಬಾ ಒಳ್ಳೆ ಸ್ಥಿತಿ), ಎಲ್ಲಾ ಪುಟಗಳೂ ಇವೆ' ಅಂತ ಬರೆದಿದ್ದ. ಬಂದ ಪುಸ್ತಕದಲ್ಲಿ ನಡುವಿನ ಹಾಳೆಯೇ ಇಲ್ಲ.

ಈ ಕಾರ್ಟೂನ್ ಅಮೆರಿಕದ ಟಿವಿ ವಾಹಿನಿ ಸಿಬಿಎಸ್‌ನಲ್ಲಿ ಶುರುವಾಗಿದ್ದು 1969ರ ಸೆಪ್ಟೆಂಬರ್ 13ರಂದು. ಗೋಲ್ಡ್ ಕೀ ಕಾಮಿಕ್ಸಿನ ಮೊದಲ ಸಂಚಿಕೆಯ ಮೇಲಿರುವುದು 1970ರ ಮಾರ್ಚ್. 1975ರವರೆಗೆ ಒಟ್ಟು 30 ಸಂಚಿಕೆ ಬಂದವು. ಶುರುವಿನ ಸಂಚಿಕೆಗಳಲ್ಲಿ ಟಿವಿ ಕಂತುಗಳ ಕಥೆಗಳೇ ಇವೆ. ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಶ್ಯಾಗಿ, ವೆಲ್ಮಾ ನೋಡುತ್ತಾ ಬೆಳೆದ ನನ್ನಂಥವರಿಗೆ, ಆ ಕಾಲದಲ್ಲೇ ಅಚ್ಚಾದ ಕಾಗದದಲ್ಲಿ ಅವರನ್ನು ಮತ್ತೆ ಓದೋದು ದೊಡ್ಡ ಆಸೆ.

ಓದೋಕೆ ಕೂತೆ. ಒಂದು ಪುಟದ ಕೊನೆಯಲ್ಲಿ ದೆವ್ವ ಅಟ್ಟಿಸಿಕೊಂಡು ಬರುತ್ತಿದೆ. ಪುಟ ತಿರುಗಿಸಿದರೆ ಮುಖವಾಡ ಕಳಚಿ ಆಗಿದೆ, ಕಳ್ಳ ಸಿಕ್ಕಿಬಿದ್ದಿದ್ದಾನೆ. ಸುಳಿವು ಸಿಕ್ಕಿದ್ದು ಹೇಗೆ, ಬಲೆ ಹಾಕಿದ್ದು ಎಲ್ಲಿ, ಏನೂ ಇಲ್ಲ. ಪತ್ತೇದಾರಿ ಕಥೆಯಲ್ಲಿ ಇದೇ ಹೋದರೆ ಓದೋಕೆ ಇನ್ನೇನಿದೆ?

ಇದು ಹೊರಗಿನಿಂದ ಯಾಕೆ ಗೊತ್ತಾಗಲ್ಲ ಅಂದ್ರೆ, ಇಂಥ ಕಾಮಿಕ್ಸಿನಲ್ಲಿ ರಕ್ಷಾಪುಟ ಬಿಟ್ಟು ಸಾಮಾನ್ಯವಾಗಿ 32 ಪುಟ. ಎಂಟು ಹಾಳೆಗಳನ್ನು ಮಡಚಿ ಎರಡು ಪಿನ್ ಹೊಡೆದಿರುತ್ತಾರೆ. ಎಲ್ಲಕ್ಕಿಂತ ಒಳಗಿನ ಹಾಳೆ ಕಳಚಿ ಬಿದ್ದರೆ ಒಮ್ಮೆಲೇ ನಾಲ್ಕು ಪುಟ ಹೋಗುತ್ತವೆ. ಹರಿದ ಗುರುತೇ ಇರೋದಿಲ್ಲ. ಬೆನ್ನು ನೆಟ್ಟಗೇ ಇರುತ್ತದೆ, ಮುಖಪುಟ ಹೊಳೆಯುತ್ತಲೇ ಇರುತ್ತದೆ.

ಫೋಟೋದಲ್ಲಿ ಕಾಣದ ಇನ್ನೊಂದು ಕೆಲಸವೂ ನಡೆದಿತ್ತು. ಬೆನ್ನಿನ ಮೇಲೆ ಬಣ್ಣ ಹೋದ ಕಡೆ ಯಾರೋ ಮಾರ್ಕರ್ ಹಚ್ಚಿದ್ದರು. ಮುಖಪುಟದ ಒಳಬದಿ ನೋಡಿದಾಗ ಶಾಯಿ ಇಂಗಿದ್ದು ಕಾಣಿಸಿತು. ಸಂಗ್ರಹಕಾರರ ನಡುವೆ ಇದಕ್ಕೆ ಬೆಲೆ ಜಾಸ್ತಿನೇ ಇಳಿಯುತ್ತದೆ. ಹೇಳದೆ ಮಾರೋದು ಮೋಸ, ಬೇರೆ ಮಾತಿಲ್ಲ.

ಮಾರಾಟಗಾರನಿಗೆ ಬರೆದೆ. ಪ್ಲಾಸ್ಟಿಕ್ ಚೀಲದ ಟೇಪ್ ಬಿಚ್ಚಿದ್ದೀರಿ, ವಾಪಸ್ ತಗೊಳ್ಳಲ್ಲ ಅಂದ. ಟೇಪ್ ಬಿಚ್ಚದೆ ಪುಟ ನೋಡೋದು ಹೇಗೆ ಹೇಳಿ? ದೂರು ಕೊಟ್ಟ ಮೇಲೆ ಅರ್ಧ ದುಡ್ಡು ಕೊಟ್ಟ. ಅಂಚೆ ಖರ್ಚು ಹೋಯಿತು. ಅವನು ಈಗಲೂ ಅದೇ ಮಾತು ಬರೆದು ಮಾರುತ್ತಿದ್ದಾನೆ, ಅದೇ ನನಗೆ ಜಾಸ್ತಿ ಸಿಟ್ಟು.

ಹಾಗಾಗಿ ದುಡ್ಡು ಕಳಿಸೋ ಮುಂಚೆ ಸರಿಯಾಗಿ ನಡುವೆ ತೆರೆದು, ಎರಡೂ ಪಿನ್ ಕಾಣುವಂತೆ ಫೋಟೋ ಕೇಳಿ. ಆ ಪಿನ್‌ಗಳು ನಡುಹಾಳೆಯನ್ನು ಹಿಡಿದಿರಬೇಕು. ಜೊತೆಗೆ ಹಾಳೆಗಳನ್ನು ಎಣಿಸಿ ಹೇಳಿ ಅನ್ನಿ. ಮುಖಪುಟದ ಒಳಬದಿಯ ಫೋಟೋನೂ ಬೇಕು. ಅಂಚು ಕತ್ತರಿಸಿ ಚಂದ ಮಾಡುವವರೂ ಇದ್ದಾರೆ, ಆದ್ದರಿಂದ ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆಯೋಕೆ ಹೇಳಿ. ಎತ್ತರ ಸುಮಾರು 10¼ ಇಂಚು ಇರಬೇಕು. ಕೊಡಲ್ಲ ಅಂದ್ರೆ ಬಿಟ್ಟುಬಿಡಿ, ಬೇರೆ ಪ್ರತಿ ಸಿಗುತ್ತದೆ. ಪಾರ್ಸೆಲ್ ಬಂದ ದಿನವೇ ವಿಡಿಯೋ ಮಾಡುತ್ತಾ ಬಿಚ್ಚಿ. ಸುಮ್ನೆ ಕಪಾಟಿನಲ್ಲಿ ಇಟ್ಟರೆ ವಾಪಸ್ ಮಾಡುವ ಗಡುವು ಮುಗಿದುಹೋಗುತ್ತದೆ.