ನೇವಿ ಬ್ಯಾಡ್ಜ್ ಅಸಲಿ ಅಂತ ಸರ್ಟಿಫಿಕೇಟ್ ಕೊಟ್ರು, ಕಾರಣ ಕೊಡ್ಲಿಲ್ಲ: 2 ಸ್ಟಾರ್

ಎರಡನೇ ಮಹಾಯುದ್ಧದ ಜರ್ಮನ್ ಮೈನ್‌ಸ್ವೀಪರ್ (ಸಮುದ್ರದಲ್ಲಿ ಹಾಕಿದ ಸ್ಫೋಟಕ ಮೈನ್‌ಗಳನ್ನ ತೆಗೆಯೋ ಹಡಗು) ಬ್ಯಾಡ್ಜ್ ಒಂದನ್ನ, ಫೋಟೋ ನೋಡಿ ಅಸಲಿನಾ ನಕಲಿನಾ ಅಂತ ಹೇಳೋ ಆನ್‌ಲೈನ್ ಸೇವೆಗೆ ಕೊಟ್ಟಿದ್ದೆ. ಉತ್ತರ ಬೇಗ ಬಂತು, ಮಾತೂ ಮರ್ಯಾದೆಯಾಗಿತ್ತು, ಅದಕ್ಕೇ ಆ ಎರಡು ಸ್ಟಾರು. ಆದ್ರೆ ಸರ್ಟಿಫಿಕೇಟಲ್ಲಿ ಇರೋದು ಏನು? ಈ ಬ್ಯಾಡ್ಜ್ 1940ರ ಆಗಸ್ಟ್ 31ಕ್ಕೆ ಶುರುವಾಯ್ತು, ಡಿಸೈನ್ ಒಟ್ಟೊ ಪ್ಲಾಚೆಕ್ ಅವರದ್ದು, ಅದಾದ್ಮೇಲೆ "ಅಸಲಿ", ಮುಗೀತು. ಏನು ನೋಡಿ ಅಸಲಿ ಅಂದ್ರಿ ಅನ್ನೋದು ಒಂದಕ್ಷರ ಇಲ್ಲ, ನಾವು ದುಡ್ಡು ಕೊಡೋದೇ ಅದಕ್ಕಲ್ವಾ.

ಹಿಂಭಾಗದ ಫೋಟೋ ಕೂಡ ಅವರು ಕೇಳ್ಲಿಲ್ಲ, ನಾನೇ ಕಳಿಸ್ದೆ. ಈ ಬ್ಯಾಡ್ಜ್‌ಗಳ ಜಾತಕ ಇರೋದೇ ಬೆನ್ನಲ್ಲಿ ಸ್ವಾಮಿ! ಮೊದಮೊದಲು ಟೊಂಬಾಕ್ ಅಂತ ತಾಮ್ರ ಜಾಸ್ತಿ ಇರೋ ಮಿಶ್ರಲೋಹದಲ್ಲಿ ಮಾಡ್ತಿದ್ರು, ಹಿಂದಿನ ಪಿನ್ನಿನ ಹಿಂಜು (ಕೀಲು), ಕೊಕ್ಕೆ ಎಲ್ಲ ಬೆಸುಗೆ ಹಾಕಿದ್ದು. ಯುದ್ಧ ಮುಂದುವರೀತಾ ಸತುವಿಗೆ ಬಂದ್ರು, ಸತುವಿಗೆ ಬೆಸುಗೆ ಸರಿಯಾಗಿ ಕೂರಲ್ಲ, ಹಾಗಾಗಿ ಎಷ್ಟೋ ಬ್ಯಾಡ್ಜ್‌ಗಳಲ್ಲಿ ಹಿಂಜನ್ನ ಒಳಗೆ ಕೂರಿಸಿ ಸುತ್ತಲಿನ ಲೋಹ ಒತ್ತಿ ಬಿಗಿ ಮಾಡಿರ್ತಾರೆ. ನನ್ನದು ಸತುವಿನದು, ಲೆನ್ಸ್ ಇಟ್ರೆ ಆ ಒತ್ತಿದ ಗುರುತು ಚೆನ್ನಾಗಿ ಕಾಣತ್ತೆ. ಮುಂದೆ ಓಕ್ ಎಲೆಯ ನರ, ಸಮುದ್ರದಿಂದ ಚಿಮ್ಮೋ ನೀರಿನ ಅಂಚು ಚೂಪಾಗಿದೆ, ಚಿನ್ನದ ಗಿಲೀಟು ಎಲೆಗಳ ಸಂದೀಲಿ ಮಾತ್ರ ಉಳ್ಕೊಂಡಿದೆ, ಮಿಕ್ಕಿದ್ದೆಲ್ಲ ಮಂಕು ಬೂದು, ಹಳೇ ಸತು ಹಾಗೇ ಆಗೋದು. ಎರಕ ಹೊಯ್ದ ನಕಲೀಲಿ ವಿವರ ಮೊಂಡಾಗಿರತ್ತೆ, ತಗ್ಗಲ್ಲಿ ಗುಳ್ಳೆ ಒಡೆದ ಸಣ್ಣ ತೂತು ಸಿಗತ್ತೆ. ಇದ್ಯಾವುದನ್ನೂ ಅವರು ಬರೆದಿಲ್ಲ.

ಅವರು ವಿಚಾರಿಸಿದ್ದು ತಯಾರಕರ ಮುದ್ರೆ ಬಗ್ಗೆ ಒಂದೇ. ಮುದ್ರೆ ಇಲ್ಲದ ಅಸಲಿಗಳು ಬೇಕಾದಷ್ಟಿವೆ, ಇನ್ನು ವಿಯೆನ್ನಾದ ರುಡಾಲ್ಫ್ ಸೌವಾಲ್ ಕಂಪನಿ ಯುದ್ಧ ಮುಗಿದ ಮೇಲೂ ಬ್ಯಾಡ್ಜ್ ಮಾಡ್ತಾನೇ ಇತ್ತು, ಮುದ್ರೆ ನೋಡಿ ಕಾಲ ಹೇಳೋಕಾಗಲ್ಲ.

ಕಾರಣ ಬರೆದು ಕೊಡಿ ಅಂತ ಮೇಲ್ ಹಾಕಿದ್ದಕ್ಕೆ "ನಮ್ಮ ಅನುಭವದ ಮೇಲೆ" ಅಂತ ಬಂತು. ಹೀಗಾದ್ರೆ ನಾಳೆ ಕೊಳ್ಳೋರ ಮುಂದೆ ನಾನು ಏನು ತೋರಿಸ್ಲಿ? ಫೀಸ್ ಇನ್ನೂ ಸ್ವಲ್ಪ ಜಾಸ್ತಿ ತಗೊಳ್ಳಿ ಪರವಾಗಿಲ್ಲ, ಹಿಂಜಿನ ಕ್ಲೋಸಪ್ ಫೋಟೋ ಹಾಕಿ, ಲೋಹ ಯಾವ್ದು, ಅಚ್ಚೊತ್ತಿದ್ದೋ ಎರಕದ್ದೋ ಅಂತ ನಾಲ್ಕು ಸಾಲು ಬರೀರಿ, ಇನ್ನೂ ಎರಡು ಬ್ಯಾಡ್ಜ್ ನಿಮ್ಮ ಹತ್ರಾನೇ ಕಳಿಸ್ತೀನಿ.