ಯೆಶಾಯ 7:14: ಯಾವ ಕಡೆಯಿಂದ ಓದೋದು?

ಬೈಬಲಿನ ಯೆಶಾಯ ಪ್ರವಾದಿಯ ಪುಸ್ತಕದ ಈ ವಚನ ಹೇಳುವುದು ಇಷ್ಟು: ಒಬ್ಬ ಹೆಣ್ಣು ಗಂಡು ಮಗುವನ್ನು ಹೆತ್ತು ಅದಕ್ಕೆ ಇಮ್ಮಾನುವೇಲ್ ಎಂದು ಹೆಸರಿಡುತ್ತಾಳೆ. ಆ ಮಗು ಯಾರು?

ಯೆಹೂದಿ ಓದಿನಲ್ಲಿ ಮಾತು ಜೆರುಸಲೇಮಿನಿಂದ ಆಳುತ್ತಿದ್ದ ಯೆಹೂದದ ರಾಜ ಆಹಾಜನಿಗೆ. ಕ್ರಿ.ಪೂ. 735ರ ಸುಮಾರಿಗೆ ಸಿರಿಯಾ ಮತ್ತು ಉತ್ತರದ ಇಸ್ರಾಯೇಲ್ ಸೇರಿ ಜೆರುಸಲೇಮಿನ ಮೇಲೆ ಬಂದಿದ್ದವು. ಆ ಕಾಲದಲ್ಲೇ ಹುಟ್ಟಲಿದ್ದ ಮಗುವಿಗೆ ಒಳ್ಳೇದು ಕೆಟ್ಟದ್ದು ತಿಳಿಯುವ ಮೊದಲೇ ಆ ಇಬ್ಬರು ರಾಜರ ನಾಡು ಹಾಳಾಗುತ್ತದೆ ಎನ್ನುತ್ತದೆ 16ನೇ ವಚನ. ಕ್ರಿ.ಪೂ. 732ರಲ್ಲಿ ಸಿರಿಯಾದ ರಾಜಧಾನಿ ದಮಸ್ಕ ಅಸ್ಸೀರಿಯಾದ ಕೈಗೆ ಬಿತ್ತು. ಲೆಕ್ಕ ಹೊಂದುತ್ತದೆ, ಅಲ್ವಾ?

ಕ್ರೈಸ್ತ ಓದು, ಯೇಸುವಿನ ಕಥೆ ಹೇಳುವ ಮತ್ತಾಯ ಪುಸ್ತಕದ 1:23ರಿಂದ ಶುರು: ಆ ಮಗು ಯೇಸು. ಜಗಳ ಜಾಸ್ತಿ ಇರುವುದು ಒಂದು ಪದದ ಮೇಲೆ. ವಚನದಲ್ಲಿ ತಾಯಿಗೆ ಬಳಸಿದ ಹೀಬ್ರೂವಿನ ‘ಅಲ್ಮಾ’ ಅಂದರೆ ಹರೆಯದ ಹೆಣ್ಣು. ಗ್ರೀಕ್ ಅನುವಾದದಲ್ಲಿ ಅದು ‘ಪಾರ್ಥೆನೋಸ್’, ಸಾಮಾನ್ಯವಾಗಿ ಕನ್ಯೆ. ಆ ಅನುವಾದ ಮಾಡಿದವರೂ ಯೆಹೂದಿಗಳೇ!

ಪ್ರವಾದಿ ಅಂದು ಹೇಳಿದ್ದೇನು ಅಂತ ತಿಳಿಯಬೇಕಾದರೆ ಮೊದಲನೆಯದನ್ನು ಹಿಡಿಯಿರಿ. ಮೊದಲ ಕ್ರೈಸ್ತರಿಗೆ ಅದು ಹೇಗೆ ಕೇಳಿಸಿತು ಎಂಬ ಕುತೂಹಲವಿದ್ದರೆ ಎರಡನೆಯದು. ನಾನಂತೂ 7ನೇ ಅಧ್ಯಾಯ ಪೂರ್ತಿ ಓದಿಯೇ ಮತ್ತಾಯಕ್ಕೆ ಹೋಗುತ್ತೇನೆ. ಸುಮ್ನೆ ಒಂದು ವಚನ ಕಿತ್ತು ಓದಿದರೆ ಆಹಾಜ ಕಾಣುವುದೇ ಇಲ್ಲ.